ಮೂರೂವರೆ ತಿಂಗಳ ದಾರಿಯ ಕಾಗದ
ಉತ್ತರ ಅಮೆರಿಕದಲ್ಲಿ ತುಪ್ಪಳದ ವ್ಯಾಪಾರ ಮಾಡುತ್ತಿದ್ದ ಬ್ರಿಟಿಷ್ ಹಡ್ಸನ್ ಬೇ ಕಂಪನಿಯ ಪಶ್ಚಿಮ ಕಡೆಯ ಠಾಣೆ ಫೋರ್ಟ್ ವ್ಯಾಂಕೂವರಿನಿಂದ ಲಂಡನ್ನಿನ ಕಡೆಗೆ ಕಾಗದ ತಲುಪಲು ಎಷ್ಟು ದಿನ ಬೇಕಿತ್ತು ಅಂತ ಕೇಳಿದ್ದೀರಿ. ಮಾರ್ಚ್‌ನಲ್ಲಿ ಹೊರಟ ತಂಡ ದೋಣಿ, ಕುದುರೆ, ಹಿಮದಲ್ಲಿ ಕಾಲ್ನಡಿಗೆ ಅಂತ ಸುಮಾರು 4,200 ಕಿಲೋಮೀಟರ್ ದಾಟಿ, ಮೂರೂವರೆ ತಿಂಗಳಿಗೆ ಹಡ್ಸನ್ ಕೊಲ್ಲಿಯ ದಡದ ಯಾರ್ಕ್ ಫ್ಯಾಕ್ಟರಿ ಅನ್ನುವ ಕಂಪನಿ ಠಾಣೆ ಮುಟ್ಟುತ್ತಿತ್ತು. ಮುಂದೆ ಲಂಡನ್ನಿಗೆ ಹಡಗು.

ಆ ಕಾಗದಗಳಲ್ಲಿ ಇದ್ದದ್ದು ಬರೀ ತುಪ್ಪಳದ ಲೆಕ್ಕ ಅಂದುಕೊಳ್ಳಬೇಡಿ. 1842ರ ಏಪ್ರಿಲ್‌ನಲ್ಲಿ ಕಂಪನಿಯ ಇನ್ನೊಂದು ಠಾಣೆ ಫೋರ್ಟ್ ಸ್ಟಿಕೀನ್‌ನಲ್ಲಿ, ಫೋರ್ಟ್ ವ್ಯಾಂಕೂವರಿನ ಮುಖ್ಯಸ್ಥ ಜಾನ್ ಮೆಕ್‌ಲಾಕ್ಲಿನ್ ಅವರ ಮಗನನ್ನು ಅವನ ಕೈಕೆಳಗಿನವರೇ ಗುಂಡಿಟ್ಟು ಕೊಂದರು. ತಂದೆಗೆ ಆ ಸುದ್ದಿ ಬರೆದವರು ಕಂಪನಿಯ ಗವರ್ನರ್ ಜಾರ್ಜ್ ಸಿಂಪ್ಸನ್. ತಪ್ಪು ಮಗನದೇ ಅನ್ನುವ ಧಾಟಿ ಆ ಕಾಗದದ್ದು! ಎಂಥ ಸಂಕಟ ಅಲ್ವಾ? ಮಗನ ಪರ ಸಾಕ್ಷಿ ಕೂಡಿಸುತ್ತಾ ಆ ತಂದೆ ವರ್ಷಗಟ್ಟಲೆ ಲಂಡನ್ನಿನ ಕಂಪನಿ ಕಚೇರಿಗೆ ಬರೆದರು. ಕಂಪನಿಯ ಹಳೇ ದಾಖಲೆಗಳು ಈಗ ಕೆನಡಾದ ವಿನ್ನಿಪೆಗ್‌ನಲ್ಲಿವೆ. ನೀವು ಈ ಪತ್ರಗಳಿಂದಲೇ ಓದು ಶುರು ಮಾಡಿ.