ಚೌಕ ಕಂಡ ಮಾತ್ರಕ್ಕೆ 1917 ಅಲ್ಲ, ರೀಲನ್ನು ದಯವಿಟ್ಟು ಓಡಿಸಬೇಡಿ

ಸರ್, ಈ ಭಾನುವಾರ ಆ ರೀಲನ್ನು ಪ್ರೊಜೆಕ್ಟರಿಗೆ ಹಾಕಬೇಡಿ, ಕೈಮುಗಿದು ಕೇಳ್ತೀನಿ. ನ್ಯೂಜೆರ್ಸಿಯ ಹಳೇ ಸಾಮಾನಿನ ಸಂತೆಯಲ್ಲಿ ಸಿಕ್ಕ 16 ಎಂಎಂ ಫಿಲ್ಮ್, ಡಬ್ಬಿ ಮೇಲೆ ‘ಕ್ಲಿಯೋಪಾತ್ರ’, ಅಂಚಲ್ಲಿ ಒಂದು ಚೌಕ, ಫಿಲ್ಮಿನ ವರ್ಷ ಹೇಳೋ ಕೊಡಾಕ್ ಗುರುತುಗಳ ಪಟ್ಟಿಯಲ್ಲಿ ಚೌಕ ಅಂದ್ರೆ 1917, ಹಾಗಾಗಿ ಇದು ಹಾಲಿವುಡ್ ಮೂಕಿ ತಾರೆ ಥೀಡಾ ಬಾರಾಳ ಕಳೆದುಹೋದ 1917ರ ಚಿತ್ರವೇ ಅಂತ ಬರೆದಿದ್ದೀರಿ. ನಾನೂ ಒಮ್ಮೆ ಇದೇ ಲೆಕ್ಕ ಹಾಕಿ ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದೆ.

ಆ ಗುರುತು 20 ವರ್ಷಕ್ಕೊಮ್ಮೆ ಮರಳಿ ಬರುತ್ತೆ. ಚೌಕ ಅಂದ್ರೆ 1917, 1937, 1957, 1977. 16 ಎಂಎಂ ಹುಟ್ಟಿದ್ದೇ 1923ರಲ್ಲಿ, ಅಲ್ಲಿಗೆ ನಿಮ್ಮ 1917 ಬಿದ್ದುಹೋಯ್ತು. ಗುರುತು ಹೇಳೋದು ಫಿಲ್ಮ್ ತಯಾರಾದ ವರ್ಷ, ಚಿತ್ರ ತೆಗೆದ ವರ್ಷ ಅಲ್ಲ. ಅದೂ ಪಾಸಿಟಿವ್ ಪ್ರಿಂಟಲ್ಲಿ, ಅಂದ್ರೆ ನೆಗೆಟಿವಿಂದ ತೆಗೆದ ಪ್ರತಿಯಲ್ಲಿ, ಕಪ್ಪಾಗಿ ಕಂಡರೆ ಮಾತ್ರ ಆ ಪ್ರಿಂಟಿನದು. ಕಪ್ಪು ಅಂಚಲ್ಲಿ ಬೆಳ್ಳಗೆ ಕಂಡರೆ ನೆಗೆಟಿವಿಂದ ಇಳಿದದ್ದು. ರಿವರ್ಸಲ್ ಆದ್ರೆ, ಅಂದ್ರೆ ನೆಗೆಟಿವ್ ಇಲ್ಲದೆ ಕ್ಯಾಮೆರಾದ ಫಿಲ್ಮೇ ಪಾಸಿಟಿವ್ ಆಗಿದ್ರೆ, ಇದು ಉಲ್ಟಾ.

ನನ್ನ ರೀಲು ನಾಲ್ಕು ನಿಮಿಷ ಓಡಿತು. ಬಣ್ಣ ಬಳಿದ ಪರದೆ, ಅದರ ಮುಂದೆ ಸಿಂಹಾಸನ, ಕದಲದ ಕ್ಯಾಮೆರಾ. ನೋಡ್ತಾ ನೋಡ್ತಾ ಪ್ರೊಜೆಕ್ಟರಿನ ಗೇಟಿನ, ಅಂದ್ರೆ ಫಿಲ್ಮ್ ದೀಪದ ಮುಂದೆ ಹಾದುಹೋಗೋ ಜಾಗದ, ಹತ್ತಿರ ಟಕಟಕ ಸದ್ದು ಶುರುವಾಯ್ತು. ಸ್ವಿಚ್ಚು ಆರಿಸೋ ಹೊತ್ತಿಗೆ ಹತ್ತು ಅಡಿ ಉದ್ದಕ್ಕೂ ಅಂಚಿನ ತೂತುಗಳು ಒಂದಕ್ಕೊಂದು ಸೀಳಿಕೊಂಡು ಜಿಪ್ಪು ಬಿಚ್ಚಿದ ಹಾಗಾಗಿತ್ತು. ಆಮೇಲೆ ಗೊತ್ತಾಯ್ತು, ಅದು 1912ರ ಹೆಲೆನ್ ಗಾರ್ಡ್ನರ್ ಕ್ಲಿಯೋಪಾತ್ರ, ಉಳಿದಿರೋ ಚಿತ್ರವೇ. ಆದರೂ ಆ ಹತ್ತು ಅಡಿ ಇವತ್ತಿಗೂ ಹೊಟ್ಟೆ ಉರಿಸುತ್ತೆ.

ಹಳೇ ಫಿಲ್ಮ್ ಕುಗ್ಗಿದ್ರೆ ತೂತು ಹೀಗೆ ಸೀಳುತ್ತೆ, ಅದಕ್ಕೇ ಈಗ ನಾನು ಮಾಡೋದು ಇಷ್ಟು. ಕೈಯಲ್ಲಿ ರೀಲು ಸುತ್ತೋ ರಿವೈಂಡ್ ಬೆಂಚಿನ ಮೇಲೆ ನೂರು ಫ್ರೇಮು ಎಣಿಸಿ, ಸ್ಟೀಲ್ ಸ್ಕೇಲಲ್ಲಿ ಅಳೀತೀನಿ. ದರ್ಜಿ ಟೇಪು ಬೇಡ, ಎಳೆದಷ್ಟೂ ಬರುತ್ತೆ. ಹೊಸ ಫಿಲ್ಮಾದ್ರೆ 76.2 ಸೆಂ.ಮೀ. 75.4ಕ್ಕಿಂತ ಕಡಿಮೆ ಅಂದ್ರೆ ಶೇ. 1ಕ್ಕಿಂತ ಜಾಸ್ತಿ ಕುಗ್ಗಿದೆ, ಓಡಿಸೋ ಮಾತೇ ಇಲ್ಲ. ಶುರು, ನಡು, ಕೊನೆ ಮೂರೂ ಕಡೆ ಅಳೀರಿ. ಒಳಸುತ್ತು ಒಂದು ಥರ, ಹೊರಸುತ್ತು ಇನ್ನೊಂದು ಥರ ಇರುತ್ತೆ. ಐಕಿ ಕಂಪನಿಯ ಪ್ರೊಜೆಕ್ಟರು ರೀಲಿಗೆ ಮೃದು ಅನ್ನೋದು ನನ್ನ ಅನುಭವ, ಆದ್ರೆ ಕುಗ್ಗಿದ ರೀಲಿನ ಮುಂದೆ ಐಕಿಯೂ ಅಷ್ಟೇ. ಹರಿದ ಫಿಲ್ಮಿಗೆ ಸೆಲ್ಲೋಟೇಪ್ ಅಂಟಿಸೋರನ್ನಂತೂ ನಾನು ಕ್ಷಮಿಸಲ್ಲ. ಹುಳಿ ವಾಸನೆ ಬಂದ್ರೆ ಫಿಲ್ಮ್ ಕೆಡ್ತಿದೆ ಅಂತ, ಆ ರೀಲನ್ನು ಬೇರೆಯವುಗಳಿಂದ ದೂರ ಇಡಿ, ಪ್ಲಾಸ್ಟಿಕ್ ಚೀಲಕ್ಕೆ ತುರುಕಬೇಡಿ.

ಚಿತ್ರ ಯಾವುದು ಅಂತ ತಿಳಿಯೋಕೆ ಓಡಿಸಲೇಬೇಕಿಲ್ಲ. ಲೈಟ್ ಬಾಕ್ಸ್ ಮೇಲಿಟ್ಟು ಮೊಬೈಲಲ್ಲಿ ಒಂದೊಂದೇ ಫ್ರೇಮು ತೆಗೀರಿ. 1917ರದ್ದು ನಿರ್ದೇಶಕ ಜೆ. ಗಾರ್ಡನ್ ಎಡ್ವರ್ಡ್ಸ್ ಫಾಕ್ಸ್ ಕಂಪನಿಗೆ ತೆಗೆದದ್ದು. ಬಾರಾಳ ಹಾವಿನ ಉಡುಪಿನ ಸ್ಟಿಲ್ಲುಗಳು ಬೇಕಾದಷ್ಟಿವೆ, ಪಕ್ಕದಲ್ಲಿಟ್ಟು ನೋಡಿ. ಡಬ್ಬಿ ಮೇಲಿನ ಬರಹ ನಂಬಬೇಡಿ, ಡಬ್ಬಿ ಎಷ್ಟು ಕೈ ಬದಲಾಗಿದ್ಯೋ.

ನ್ಯೂಜೆರ್ಸಿಯ ಲಿಟಲ್ ಫೆರ್ರಿಯಲ್ಲಿದ್ದ ಫಾಕ್ಸ್ ಗೋದಾಮು 1937ರ ಜುಲೈ 9ರಂದು ಉರಿದು ಬಾರಾಳ ಬಹುಪಾಲು ಚಿತ್ರಗಳೂ ಹೋದವು. ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಲೆಕ್ಕ ಹಾಕಿದಾಗ 1912ರಿಂದ 1929ರವರೆಗಿನ 10,919 ಅಮೆರಿಕನ್ ಮೂಕಿ ಕಥಾಚಿತ್ರಗಳಲ್ಲಿ ಮೂಲರೂಪದಲ್ಲಿ ಉಳಿದದ್ದು ಶೇ. 14. ನಮ್ಮ 1934ರ ‘ಸತಿ ಸುಲೋಚನ’ದ ಪ್ರಿಂಟೂ ಇಲ್ಲವಲ್ಲ, ಆ ಸಂಕಟ ನಮಗೆ ಗೊತ್ತು. ಆದ್ರೆ ಆಸೆ ಬಿಡಬೇಡಿ, 2023ರಲ್ಲಿ ಇದೇ ಕ್ಲಿಯೋಪಾತ್ರದ ಕೆಲವೇ ಸೆಕೆಂಡಿನ ತುಣುಕು ಸಿಕ್ಕಿತು. ಅದಕ್ಕೇ ಗೇಣುದ್ದದ ಚೂರನ್ನೂ ಎಸೆಯಬೇಡಿ.

ಇದೇ ಚರ್ಚೆಯಲ್ಲಿ ಇನ್ನೊಬ್ಬರು 35 ಎಂಎಂ ನೈಟ್ರೇಟ್, ಅಂದ್ರೆ ಬೇಗ ಬೆಂಕಿ ಹತ್ತೋ ಹಳೇ ಫಿಲ್ಮ್, ಅಟ್ಟದಲ್ಲಿಟ್ಟಿದ್ದೀನಿ ಅಂದಿದ್ದಾರೆ. ಇವತ್ತೇ ಇಳಿಸಿ, ಸರ್! ಅದು ನೀರಲ್ಲೂ ಉರಿಯುತ್ತೆ. ಅಂಟು ಅಥವಾ ಕಂದು ಪುಡಿ ಕಂಡ್ರೆ ಮುಟ್ಟಲೂಬೇಡಿ, ಪಾರ್ಸೆಲ್ ಅಂತೂ ಮಾಡಲೇಬೇಡಿ; ರೋಚೆಸ್ಟರಿನ ಜಾರ್ಜ್ ಈಸ್ಟ್‌ಮನ್ ಮ್ಯೂಸಿಯಮ್ಮಿಗೋ ಕಲ್ಪೆಪರಿನ ಲೈಬ್ರರಿ ಆಫ್ ಕಾಂಗ್ರೆಸ್ ಕೇಂದ್ರಕ್ಕೋ ಮೊದಲು ಬರೆದು ಕೇಳಿ.

ನೀವು ಸದ್ಯಕ್ಕೆ ನೂರು ಫ್ರೇಮಿನ ಅಳತೆ, ಮೊದಲ ಎರಡು ಅಡಿಯ ಫೋಟೋ ಇಲ್ಲಿ ಹಾಕಿ. ಎರಡೂ ಕಡೆಯ ಅಂಚು ಪೂರ್ತಿ ಕಾಣಲಿ.