ಗಂಡ ಗಡಿಯಲ್ಲಿ, ಯುದ್ಧ ಶುರುವಾಗಿದೆ. ನವಲಗುಂದದಲ್ಲಿ ಮನೆ, ಹೊಲ, ಹಣ ನಾನೊಬ್ಬಳೇ ಹೇಗೆ ನೋಡಿಕೊಳ್ಳಲಿ?
ಸಂಬಳದ ಚಿಂತೆ ಬೇಡ ಅಕ್ಕಾ, ಅದು ಖಾತೆಗೆ ಬರುತ್ತಲೇ ಇರುತ್ತದೆ. ಖಾತೆ ಅವರೊಬ್ಬರ ಹೆಸರಲ್ಲಿದ್ದು, ಒಟಿಪಿಯೂ ಅವರ ಫೋನಿಗೇ ಹೋಗುತ್ತಿದ್ದರೆ ಕಷ್ಟ. ಮುಂದಿನ ರಜೆಯಲ್ಲಿ ಜಂಟಿ ಖಾತೆ ಮಾಡಿಸಿ, ಇಬ್ಬರಲ್ಲಿ ಯಾರಾದರೂ ಹಣ ತೆಗೆಯುವಂತಿರಲಿ. ಅವರ ಸೇನಾ ನಂಬರ್, ಯೂನಿಟ್ ವಿಳಾಸ ಬರೆದಿಟ್ಟುಕೊಳ್ಳಿ. ಸೇನೆಯ ವಿಮೆಯಲ್ಲಿ ನಾಮಿನಿ ಯಾರೆಂದೂ ಕೇಳಿ. ಮದುವೆಯಾದ ಮೇಲೂ ಕೆಲವರು ಅಮ್ಮನ ಹೆಸರನ್ನೇ ಉಳಿಸಿಕೊಂಡಿರುತ್ತಾರೆ!

ಹೊಲವನ್ನು ಲಾವಣಿಗೆ (ಗೇಣಿಗೆ) ಕೊಟ್ಟರೆ ಬಾಯಿಮಾತು ಸಾಲದು, ಬರೆಸಿಕೊಳ್ಳಿ. ದಾಯಾದಿಗಳು ಕೋರ್ಟಿಗೆ ಹೋದರೂ ಹೆದರಬೇಡಿ. ಯುದ್ಧದಲ್ಲಿರುವ ಸೈನಿಕನ ಸಿವಿಲ್, ಕಂದಾಯ ಕೇಸು ಮುಂದೂಡಲು 1925ರ ಭಾರತೀಯ ಸೈನಿಕರ ವ್ಯಾಜ್ಯ ಕಾಯ್ದೆಯಲ್ಲಿ ಅವಕಾಶವಿದೆ. ಅರ್ಜಿಗೆ ಧಾರವಾಡದ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ. ‘ನಿಮ್ಮ ಯಜಮಾನರಿಗೆ ಗಾಯವಾಗಿದೆ, ಹಣ ಹಾಕಿ’ ಅಂತ ಫೋನ್ ಬಂದರೆ ಸುಮ್ನೆ ಕಟ್ ಮಾಡಿ, ಯೂನಿಟ್‌ಗೆ ಕೇಳಿ.