ಸರ್ವೆ ನಂಬರು ತಾರೀಕಾಗದಿರಲಿ, ಬ್ಯಾಕಪ್ ಬರಿದಾಗದಿರಲಿ

ಪ್ರಶ್ನೆ: ದಾವಣಗೆರೆ ವಿದ್ಯಾನಗರದಲ್ಲಿ ನಮ್ಮದು ಸಣ್ಣ ಸಿವಿಲ್ ಕನ್ಸಲ್ಟೆನ್ಸಿ. ಲ್ಯಾಪ್‌ಟಾಪಿನ ಡಿ ಡ್ರೈವ್‌ನಲ್ಲಿರುವ ಡ್ರಾಯಿಂಗ್, ಎಸ್ಟಿಮೇಟುಗಳನ್ನು ರಾತ್ರಿ ರೋಬೋಕಾಪಿ (ವಿಂಡೋಸಿನ ಫೈಲ್ ನಕಲು ಆದೇಶ) ಸ್ಕ್ರಿಪ್ಟ್ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗೆ ನಕಲು ಮಾಡುತ್ತದೆ. ಮೊನ್ನೆ ಕೈತಪ್ಪಿ ಒಂದು ಲೇಔಟಿನ ಫೋಲ್ಡರ್ ಅಳಿಸಿಹೋಯಿತು. ಮಾರನೆ ದಿನ ನೋಡಿದರೆ ಬ್ಯಾಕಪ್‌ನಲ್ಲೂ ಇಲ್ಲ. ಕೆಲವು ದಿನ ಸ್ಕ್ರಿಪ್ಟ್ ಬೆಳಗಾದರೂ ಮುಗಿದಿರುವುದಿಲ್ಲ. ಏನು ಮಾಡಬೇಕು?

ಉತ್ತರ: ನಿಮ್ಮ ಸ್ಕ್ರಿಪ್ಟಿನಲ್ಲಿ ‘/ಎಂಐಆರ್’ ಇದೆಯೇ ನೋಡಿ. (ಇಲ್ಲಿ ಬರುವ ಆದೇಶಗಳನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.) ಅದು ಮಿರರ್. ಮೂಲದಲ್ಲಿ ಇಲ್ಲದ್ದನ್ನು ನಕಲಿನಿಂದಲೂ ತೆಗೆದುಹಾಕುವುದೇ ಅದರ ಕೆಲಸ. ಅದನ್ನು ಕಿತ್ತು ‘/ಇ’ ಹಾಕಿ. ಆಗ ಒಳಗಿನ ಖಾಲಿ ಫೋಲ್ಡರುಗಳೂ ಸೇರಿ ಎಲ್ಲವೂ ನಕಲಾಗುತ್ತವೆ, ಏನೂ ಅಳಿಯುವುದಿಲ್ಲ. ಡಿಸ್ಕ್ ಬೇಗ ತುಂಬುತ್ತದೆ ನಿಜ, ಆದರೆ ಕಚೇರಿ ಬ್ಯಾಕಪ್‌ಗೆ ಮಿರರ್ ಬೇಡವೇ ಬೇಡ ಎನ್ನುವುದು ನಮ್ಮ ಖಚಿತ ಅಭಿಪ್ರಾಯ.

ಬೆಳಗಾದರೂ ಮುಗಿಯದಿರುವುದಕ್ಕೆ ಕಾರಣ ಬೇರೆ. ಯಾರೋ ಒಂದು ಫೈಲ್ ತೆರೆದಿಟ್ಟೇ ಮನೆಗೆ ಹೋಗಿರುತ್ತಾರೆ. ಅದು ಲಾಕ್ ಆಗಿದ್ದರೆ ರೋಬೋಕಾಪಿ 30 ಸೆಕೆಂಡಿಗೊಮ್ಮೆ ಮತ್ತೆ ಪ್ರಯತ್ನಿಸುತ್ತದೆ. ನೀವು ಬೇರೆ ಹೇಳದಿದ್ದರೆ 10 ಲಕ್ಷ ಸಲ! ‘/ಆರ್:2 /ಡಬ್ಲ್ಯೂ:5’ ಸೇರಿಸಿದರೆ ಎರಡು ಸಲ ಮಾತ್ರ ಮತ್ತೆ ಪ್ರಯತ್ನಿಸಿ, ಪ್ರತಿ ಸಲ 5 ಸೆಕೆಂಡ್ ಕಾದು, ಮುಂದಿನ ಫೈಲಿಗೆ ಹೋಗುತ್ತದೆ. ‘/ಲಾಗ್+:’ ಬರೆದು ಒಂದು ಪಠ್ಯ ಫೈಲಿನ ದಾರಿ ಕೊಡಿ. ಯಾವುದು ಬಿಟ್ಟುಹೋಯಿತು ಎಂಬುದು ಅದರಲ್ಲಿ ದಾಖಲಾಗುತ್ತದೆ. ಉದ್ಧರಣ ಚಿಹ್ನೆಯೊಳಗೆ ಫೋಲ್ಡರಿನ ದಾರಿ ಬರೆಯುವಾಗ ಕೊನೆಯಲ್ಲಿ ಬ್ಯಾಕ್‌ಸ್ಲ್ಯಾಶ್ ಉಳಿಸಬೇಡಿ. ಅದು ಮುಚ್ಚುವ ಚಿಹ್ನೆಯನ್ನೇ ನುಂಗಿ, ಇಡೀ ಸಾಲು ತಪ್ಪಾಗುತ್ತದೆ.

ಸ್ಕ್ರಿಪ್ಟನ್ನು ಹೊತ್ತಿಗೆ ಸರಿಯಾಗಿ ಓಡಿಸುವ ಟಾಸ್ಕ್ ಷೆಡ್ಯೂಲರ್‌ನಲ್ಲಿ ಎರಡು ಕಡೆ ಗಮನ ಬೇಕು. ‘ಕಂಡಿಷನ್ಸ್’ ಪುಟದಲ್ಲಿ, ಎಸಿ ಪವರ್ ಇದ್ದರೆ ಮಾತ್ರ ಆರಂಭಿಸು ಎಂಬುದಕ್ಕೆ ಮೊದಲೇ ಟಿಕ್ ಬಿದ್ದಿರುತ್ತದೆ. ಆ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಗಿದ್ದರೆ ಅಂದಿನ ಬ್ಯಾಕಪ್ಪೇ ಇಲ್ಲ. ಆ ಟಿಕ್ ತೆಗೆಯಿರಿ. ‘ಸೆಟ್ಟಿಂಗ್ಸ್’ ಪುಟದಲ್ಲಿ, ತಪ್ಪಿದ ಕೆಲಸವನ್ನು ಸಾಧ್ಯವಾದಷ್ಟು ಬೇಗ ನಡೆಸು ಎಂಬುದಕ್ಕೆ ಟಿಕ್ ಹಾಕಿ. ಕೊನೆಯ ಫಲಿತಾಂಶ 0x1 ಎಂದು ಕಂಡರೆ ಗಾಬರಿ ಬೇಡ: ರೋಬೋಕಾಪಿಯ ಲೆಕ್ಕದಲ್ಲಿ 1 ಅಂದರೆ ಫೈಲುಗಳು ನಕಲಾದವು, 0 ಅಂದರೆ ನಕಲು ಮಾಡಲು ಹೊಸದೇನೂ ಇರಲಿಲ್ಲ. 8 ಮತ್ತು ಅದಕ್ಕಿಂತ ಹೆಚ್ಚು ಬಂದರೆ ಮಾತ್ರ ಲಾಗ್ ತೆರೆದು ನೋಡಿ.

ಇಷ್ಟಾದರೂ ಒಂದು ತೂತು ಉಳಿಯುತ್ತದೆ. ಕೆಟ್ಟ ಡ್ರಾಯಿಂಗ್ ಸೇವ್ ಆದರೆ ಅದೇ ಹಳೆಯ ಒಳ್ಳೆಯದರ ಮೇಲೆ ಕೂರುತ್ತದೆ. ಅದಕ್ಕೆ ವಾರಕ್ಕೊಮ್ಮೆ ದಿನಾಂಕದ ಹೆಸರಿನ ಬೇರೆ ಫೋಲ್ಡರಿಗೆ ಪೂರ್ತಿ ನಕಲು ತೆಗೆಯಿರಿ. ಬ್ಯಾಚ್ ಫೈಲಿನ ‘%ಡೇಟ್%’ ನಂಬಬೇಡಿ. ಒಂದೊಂದು ಯಂತ್ರದಲ್ಲಿ ಒಂದೊಂದು ರೂಪದಲ್ಲಿ ಬರುತ್ತದೆ, ಓರೆಗೆರೆ ಇದ್ದರೆ ಫೋಲ್ಡರ್ ಹೆಸರಾಗಲು ಬರುವುದಿಲ್ಲ. ಅದರ ಬದಲು ವಿಂಡೋಸಿನ ಇನ್ನೊಂದು ಸ್ಕ್ರಿಪ್ಟ್ ಭಾಷೆ ಪವರ್‌ಶೆಲ್‌ನ ‘ಗೆಟ್-ಡೇಟ್’ಗೆ ವರ್ಷ-ತಿಂಗಳು-ದಿನದ ನಮೂನೆ ಕೊಡಿ. ತಿಂಗಳಿಗೆ ದೊಡ್ಡಕ್ಷರದ ಎರಡು ಎಂ ಬೇಕು, ಸಣ್ಣಕ್ಷರ ಹಾಕಿದರೆ ನಿಮಿಷ ಬರುತ್ತದೆ. ಫೋಲ್ಡರಿಗೆ ಕನ್ನಡ ಹೆಸರಿಟ್ಟು ಅದನ್ನು ಸ್ಕ್ರಿಪ್ಟಿನಲ್ಲಿ ಬರೆದಿದ್ದರೆ, ವಿಂಡೋಸ್ ಜೊತೆ ಬರುವ ಪವರ್‌ಶೆಲ್ 5.1ಕ್ಕಾಗಿ ಫೈಲನ್ನು ‘ಯುಟಿಎಫ್-8 ವಿತ್ ಬಾಮ್’ ಎಂದೇ ಸೇವ್ ಮಾಡಿ. ಇಲ್ಲವಾದರೆ ಹೆಸರು ಗೀಚುಗೀಚಾಗಿ ‘ಫೋಲ್ಡರ್ ಸಿಗಲಿಲ್ಲ’ ಎನ್ನುತ್ತದೆ.

ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಒಂದು ಡ್ರಾಯಿಂಗ್ ಹೊರಗೆ ತೆಗೆದು ತೆರೆದು ನೋಡಿ. ತೆರೆಯದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ.

ಪ್ರಶ್ನೆ: ಚಿತ್ರದುರ್ಗದಲ್ಲಿ ಜಮೀನು ಪಟ್ಟಿ ಮಾಡುತ್ತಿದ್ದೇನೆ. ಪಹಣಿ ನೋಡಿ ಎಕ್ಸೆಲ್‌ನಲ್ಲಿ ಸರ್ವೆ ನಂಬರ್ 12/3 ಹೊಡೆದರೆ ಮಾರ್ಚ್ 12 ಆಗುತ್ತದೆ. 112/2 ಮಾತ್ರ ಹಾಗೇ ಉಳಿಯುತ್ತದೆ.

ಉತ್ತರ: 112ನೇ ತಾರೀಕು ಇಲ್ಲವಲ್ಲ, ಅದಕ್ಕೇ ಉಳಿಯಿತು. 12/3ನ್ನು ಎಕ್ಸೆಲ್ ದಿನಾಂಕವೆಂದು ತಿಳಿದು ಒಳಗೆ ಒಂದು ಕ್ರಮಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. 2025ರಲ್ಲಿ ಹೊಡೆದಿದ್ದರೆ ಅದು 45728. ಆದ್ದರಿಂದ ಆಮೇಲೆ ‘ಟೆಕ್ಸ್ಟ್’ ಮಾಡಿದರೆ 12/3 ಬರದೆ ಆ ಸಂಖ್ಯೆ ಬರುತ್ತದೆ. ಟೈಪ್ ಮಾಡುವ ಮುಂಚೆಯೇ ಇಡೀ ಕಾಲಂ ಆರಿಸಿ ‘ಟೆಕ್ಸ್ಟ್’ ಮಾಡಿಕೊಳ್ಳಿ.

ಆಗಲೇ ಕೆಟ್ಟಿದ್ದರೆ, ಪಕ್ಕದ ಕಾಲಂನಲ್ಲಿ ‘ಡೇ’, ‘ಮಂತ್’ ಫಂಕ್ಷನ್‌ಗಳಿಂದ ದಿನ, ತಿಂಗಳು ತೆಗೆದು ನಡುವೆ ಓರೆಗೆರೆ ಸೇರಿಸಿ. 12/3 ಮರಳಿ ಬರುತ್ತದೆ. ಆದರೆ 5/45ರಂಥದ್ದನ್ನು ಎಕ್ಸೆಲ್ ತಿಂಗಳು-ವರ್ಷವೆಂದು ತಿಳಿದು ಮೇ 1 ಎಂದು ಹಿಡಿದಿರುತ್ತದೆ, ಮರಳಿಸಿದರೆ 1/5 ಆಗಿಬಿಡುತ್ತದೆ. ಬೇರೆಯವರ ಜಮೀನು! ಹೀಗಾಗಿ ‘1/’ ಎಂದು ಶುರುವಾಗುವ ಪ್ರತಿಯೊಂದನ್ನೂ ಪಹಣಿ ಎದುರಿಗಿಟ್ಟುಕೊಂಡು ತಾಳೆ ನೋಡಲೇಬೇಕು.

ಸಿಎಸ್‌ವಿ ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆದರೂ ಇದೇ ಗತಿ. ‘ಡೇಟಾ’ ಮೆನುವಿನ ‘ಫ್ರಂ ಟೆಕ್ಸ್ಟ್/ಸಿಎಸ್‌ವಿ’ಯಿಂದ ತಂದು, ‘ಟ್ರಾನ್ಸ್‌ಫಾರ್ಮ್ ಡೇಟಾ’ದಲ್ಲಿ ಆ ಕಾಲಂಗೆ ‘ಟೆಕ್ಸ್ಟ್’ ಆರಿಸಿ, ‘ರಿಪ್ಲೇಸ್ ಕರೆಂಟ್’ ಒತ್ತಿ.

ಪ್ರಶ್ನೆ: ಹೊಸದುರ್ಗದ ಕಡೆಯ ಸರ್ವೆ ಪಾಯಿಂಟುಗಳನ್ನು ಸ್ಕ್ರಿಪ್ಟ್ ಫೈಲ್ ಮಾಡಿ ಆಟೋಕ್ಯಾಡ್‌ಗೆ ಹಾಕಿದರೆ, ಹತ್ತಿರದ ಪಾಯಿಂಟುಗಳು ಒಂದರ ಮೇಲೊಂದು ಕೂರುತ್ತವೆ. ಅಂಕಿ ಸರಿಯಾಗೇ ಇವೆ.

ಉತ್ತರ: ಆಬ್ಜೆಕ್ಟ್ ಸ್ನ್ಯಾಪ್ (ಹತ್ತಿರದ ಬಿಂದುವಿಗೆ ತಾನಾಗಿ ಅಂಟಿಸುವ ಸೌಲಭ್ಯ) ಎಳೆದುಕೊಳ್ಳುತ್ತಿದೆ. ‘ಆಸ್‌ನ್ಯಾಪ್‌ಕೋಆರ್ಡ್’ ಎಂಬ ಸೆಟ್ಟಿಂಗ್ ಸಾಮಾನ್ಯವಾಗಿ 2 ಇರುತ್ತದೆ: ಕೈಯಲ್ಲಿ ಟೈಪ್ ಮಾಡಿದ ಅಂಕಿಗೆ ಸ್ನ್ಯಾಪ್ ಅಡ್ಡ ಬರುವುದಿಲ್ಲ, ಸ್ಕ್ರಿಪ್ಟಿನಿಂದ ಬಂದದ್ದಕ್ಕೆ ಬರುತ್ತದೆ. ಅದನ್ನು 1 ಮಾಡಿ ಸ್ಕ್ರಿಪ್ಟ್ ಓಡಿಸಿ. ಸಾಲಿನ ಕೊನೆಯಲ್ಲಿ ಒಂದು ಸ್ಪೇಸ್ ಉಳಿದರೂ ಆಟೋಕ್ಯಾಡ್‌ಗೆ ಅದು ಎಂಟರ್ ಒತ್ತಿದ ಹಾಗೆ. ಎಕ್ಸೆಲ್‌ನಿಂದ ನೋಟ್‌ಪ್ಯಾಡಿಗೆ ಅಂಟಿಸಿದ ಮೇಲೆ ಸಾಲುಗಳ ತುದಿ ಪರೀಕ್ಷಿಸಿ.

ಇನ್ನೊಂದು ಮಾತು. ಸರ್ವೆ ಉಪಕರಣ ನಾರ್ತಿಂಗ್ (ಉತ್ತರ ದಿಕ್ಕಿನ ಅಳತೆ) ಮೊದಲು ಕೊಟ್ಟಿದ್ದರೆ ಕಾಲಂ ಅದಲುಬದಲು ಮಾಡಬೇಕು, ಆಟೋಕ್ಯಾಡ್‌ಗೆ ಈಸ್ಟಿಂಗ್ (ಪೂರ್ವ ದಿಕ್ಕಿನ ಅಳತೆ) ಮೊದಲು. ಚಿತ್ರದುರ್ಗ, ದಾವಣಗೆರೆ ನಗರಗಳೆರಡೂ ಯುಟಿಎಂ (ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರಿನಲ್ಲಿ ಅಳೆಯುವ ಪದ್ಧತಿ) 43 ಉತ್ತರ ವಲಯದವು. ಈಸ್ಟಿಂಗ್ 6 ಅಂಕಿ, 6 ಲಕ್ಷದ ಆಸುಪಾಸು. ನಾರ್ತಿಂಗ್ 7 ಅಂಕಿ, 15–16 ಲಕ್ಷ. ಮೊದಲ ಸಾಲು ನೋಡಿದರೇ ಗೊತ್ತಾಗುತ್ತದೆ.

ಪ್ರಶ್ನೆ: ಜಗಳೂರಿನಲ್ಲಿ ಕೆಲಸದ ನಡುವೆ ಕರೆಂಟ್ ಹೋಗಿ ಡೆಸ್ಕ್‌ಟಾಪ್ ಆಫ್ ಆಯಿತು. ಡ್ರಾಯಿಂಗ್ ಮರಳಿ ಸಿಗುತ್ತದೆಯೇ?

ಉತ್ತರ: ಬಹುಪಾಲು ಸಿಗುತ್ತದೆ. ಆಟೋಕ್ಯಾಡ್ ತೆರೆದು ‘ಸೇವ್‌ಫೈಲ್‌ಪಾತ್’ ಎಂದು ಟೈಪ್ ಮಾಡಿದರೆ ಆಟೋಸೇವ್ ಎಲ್ಲಿದೆ ಎಂದು ತೋರಿಸುತ್ತದೆ. ಅಲ್ಲಿನ ‘.ಎಸ್‌ವಿ$’ ಫೈಲನ್ನು ಬೇರೆ ಕಡೆ ನಕಲು ಮಾಡಿ, ಕೊನೆಯನ್ನು ‘.ಡಿಡಬ್ಲ್ಯೂಜಿ’ ಎಂದು ಬದಲಿಸಿ ತೆರೆಯಿರಿ. ಮೊದಲು ಫೈಲ್ ಎಕ್ಸ್‌ಪ್ಲೋರರ್‌ನ ‘ವ್ಯೂ’ನಲ್ಲಿ ಎಕ್ಸ್‌ಟೆನ್ಷನ್ ಕಾಣುವಂತೆ ಮಾಡಿಕೊಳ್ಳದಿದ್ದರೆ ಹೆಸರು ಮಾತ್ರ ಬದಲಾಗಿ ಫೈಲ್ ಹಾಗೇ ಇರುತ್ತದೆ. ಅದೂ ಸಿಗದಿದ್ದರೆ ಡ್ರಾಯಿಂಗ್ ಪಕ್ಕದ ‘.ಬ್ಯಾಕ್’ ಫೈಲಿನಲ್ಲಿ ಅದರ ಹಿಂದಿನ ಸೇವ್ ಇರುತ್ತದೆ. ಇನ್ನು ಮುಂದೆ ‘ಸೇವ್‌ಟೈಮ್’ 10 ನಿಮಿಷ ಇರುವುದನ್ನು 5 ಮಾಡಿಕೊಳ್ಳಿ. ಯುಪಿಎಸ್‌ನ ಬ್ಯಾಟರಿ ಬ್ಯಾಕಪ್ ಇರುವ ಸಾಕೆಟ್ಟಿಗೆ ಸಿಪಿಯು, ಮಾನಿಟರ್ ಮಾತ್ರ ಜೋಡಿಸಿ, ಲೇಸರ್ ಪ್ರಿಂಟರ್ ಬೇಡ. ಅದು ಬಿಸಿಯಾಗುವಾಗ ಎಳೆಯುವ ಕರೆಂಟಿಗೆ ಸಣ್ಣ ಯುಪಿಎಸ್ ಓವರ್‌ಲೋಡ್ ಆಗಿ ಎಲ್ಲವನ್ನೂ ಆಫ್ ಮಾಡಿಬಿಡುತ್ತದೆ.